ಗುಡ್ಡದಾಚೆಯ ನಷ್ಟದ ಹಳಿ

ಭಾನುವಾರ, ಮಧ್ಯಾಹ್ನ

ನಮ್ಮ ಸ್ಟೇಷನ್ ಮಾಸ್ತರಮ್ಮನಿಗೆ,

ಈ ಹೆಸರಿನಿಂದ ನಿನ್ನನ್ನು ಕರೆಯುವವರು ಈಗ ನಾನೊಬ್ಬಳೇ ಉಳಿದಿದ್ದೇನೆ. ಬೇಡವೆನಿಸಿದರೆ ಹೇಳು, ಇನ್ನು ಬರೆಯುವುದಿಲ್ಲ. ನಿನ್ನ ಪತ್ರ ಬಂದು ಬಹಳ ದಿನವಾಯಿತು. ಶಾಲೆ ತೆರೆಯುವ ಕಾಲ, ಮನೆ ತುಂಬ ಸಮವಸ್ತ್ರದ ರಾಶಿ, ಗುಂಡಿಗೆ ಕಾಜಾ ಹಾಕಿ ಹಾಕಿ ಬೆರಳು ಮರಗಟ್ಟಿತ್ತು, ಅದಕ್ಕೇ ತಡವಾಯಿತು ಎಂದು ಬರೆಯಬೇಕೆಂದಿದ್ದೆ. ಅದು ಅರ್ಧ ನಿಜ. ಇನ್ನರ್ಧವನ್ನು ಬರೆಯುವ ಧೈರ್ಯ ಕಾಗದ ಮುಗಿಯುವುದರೊಳಗೆ ಬರಬಹುದು.

ಮೊದಲು ಮಗುವಿನ ವಿಷಯ. ನೀನು ಆ ಮನೆಗೆ ಕಾಲಿಟ್ಟಂದಿನಿಂದ ನಿನ್ನೊಡನೆ ಮಾತಾಡದ ಹುಡುಗಿ, ಅಪ್ಪ ಕನ್ನಡಕದಂಗಡಿ ಮುಚ್ಚಿ ಬರುವವರೆಗೂ ಕೋಣೆಯ ಬಾಗಿಲು ತೆರೆಯದವಳು, ನೀನು ಕಂಪ್ಯೂಟರಿನಲ್ಲಿ ರೈಲಾಟ ತೆರೆದು ಕೂತಾಗ ತಾನಾಗಿ ಬಂದು ಹಿಂದೆ ನಿಂತಳು ಎಂದು ಓದಿ ನನ್ನ ಕಾಲು ಹೊಲಿಗೆ ಯಂತ್ರದ ಮೇಲೇ ನಿಂತುಹೋಯಿತು. "ಆಂಟಿ, ಆ ರೈಲು ಯಾಕೆ ನಿಂತೇ ಇದೆ?" ಅವಳು ನಿನ್ನನ್ನು ಕೇಳಿದ ಮೊದಲ ಮಾತು ಅದೇ ಅಂದೆಯಲ್ಲ. ನೀನು ಎದ್ದು ಕುರ್ಚಿ ಬಿಟ್ಟುಕೊಟ್ಟದ್ದು ಬಹಳ ಒಳ್ಳೆಯದಾಯಿತು.

ಆದರೆ ಕುರ್ಚಿ ಕೊಟ್ಟರೆ ಸಾಕೇ, ಬುದ್ಧಿಯನ್ನೂ ಕೊಡಬೇಡವೇ? ಅವಳು ನಮ್ಮ ಹಳೆಯ ಆಟದಲ್ಲೇ ಬ್ಯಾಂಕು ಕೊಟ್ಟಷ್ಟೂ ಸಾಲ ಎತ್ತಿ ಊರೂರಿಗೆ ಹಳಿ ಹಾಕಿದ್ದಾಳೆ, ಕಂಪನಿ ಮುಳುಗುತ್ತಿದೆ, ಅವಳು ಅಳುತ್ತಾಳೆ, ನಿನಗೆ ದಾರಿ ತೋಚದು. ಹೇಗೆ ತೋಚೀತು? ನಾವಿಬ್ಬರೂ ಆಡುವಾಗ ನಿನಗೆ ನಿಲ್ದಾಣಗಳಿಗೆ ಹೆಸರಿಡುವುದೇ ದೊಡ್ಡ ಕೆಲಸ, ಲಾಭ ನಷ್ಟವೆಲ್ಲ ನನ್ನ ತಲೆಗೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ಈ ಒಂದು ವಿಷಯದಲ್ಲಿ ಇನ್ನೂ ಅತ್ತೆಯ ಕಾಲವೇ ನಡೆಯುತ್ತಿದೆ.

ಅವಳಿಗೆ ಹೀಗೆ ಹೇಳು. ಮೊದಲು ಆಟದ ಗಡಿಯಾರ ನಿಲ್ಲಿಸಲಿ. ರೈಲು ಓಡುತ್ತಿರುವಾಗ ಯೋಚಿಸಲು ಕೂತರೆ ಯೋಚನೆ ಮುಗಿಯುವುದರೊಳಗೆ ದಿವಾಳಿ. ಗಡಿಯಾರ ನಿಂತ ಮೇಲೆ ಒಂದೊಂದೇ ರೈಲಿನ ಮೇಲೆ ಒತ್ತಿ, ಹೋದ ವರ್ಷ ಅದು ತಂದದ್ದೆಷ್ಟು, ತಿಂದದ್ದೆಷ್ಟು ನೋಡಲಿ. ಕಲ್ಲಿದ್ದಲ ಗಣಿಯಿಂದ ವಿದ್ಯುತ್ ಸ್ಥಾವರಕ್ಕೆ ಹೋಗುವ ಹಳಿ ಮನೆಗೆ ಹಿರಿಮಗನಿದ್ದ ಹಾಗೆ, ಎಲ್ಲರನ್ನೂ ಸಾಕುವುದು ಅದೇ. ಹೊಸ ರೈಲು ಕೊಳ್ಳುವುದಾದರೆ ಮೊದಲು ಅದಕ್ಕೆ. ಬೋಗಿ ತುಂಬುವ ತನಕ ಹೊರಡಕೂಡದು ಎಂದು ಆಜ್ಞೆ ಮಾಡಲಿ. ಹೋದ ರೈಲು ಖಾಲಿ ಬರಬಾರದು. ಮರದ ದಿಮ್ಮಿ ಒಯ್ದದ್ದು ಹಲಗೆ ಹೊತ್ತು ಬರಲಿ. ಪಕ್ಕಪಕ್ಕದ ಊರುಗಳನ್ನು ಜೋಡಿಸಿದರೆ ಟಿಕೆಟ್ಟಿನ ದುಡ್ಡು ಎಂಜಿನ್ನಿನ ಹೊಟ್ಟೆಗೇ ಸಾಲದು, ತೀರಾ ದೂರವಾದರೆ ಸಾಮಾನು ತಲುಪುವಷ್ಟರಲ್ಲಿ ಬೆಲೆ ಇಳಿದಿರುತ್ತದೆ. ಸೇತುವೆಯ ಬಳಿ ರೈಲುಗಳು ಮುಖಾಮುಖಿ ನಿಂತು ಹಟ ಮಾಡುತ್ತಿವೆ ಅಂದೆಯಲ್ಲ, ಅಲ್ಲಿ ಸರಿದು ನಿಲ್ಲಲು ಒಂದು ಪಕ್ಕದ ಹಳಿ ಬೇಕು, ಎರಡು ಕಡೆಗೂ ಸಿಗ್ನಲ್ ಬೇಕು. ಮುದಿ ಎಂಜಿನ್ನುಗಳ ಮೇಲೆ ಕನಿಕರ ಬೇಡ. ಒಂದು ಕೆಟ್ಟು ನಿಂತರೆ ಹಿಂದಿನ ಹತ್ತೂ ನಿಲ್ಲುತ್ತವೆ. ಇನ್ನು ಸಾಲ, ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಆಟಕ್ಕೂ ಸಲ್ಲುತ್ತದೆ.

ಇದೆಲ್ಲ ನನಗೆ ಹೇಗೆ ಬಂತು ಎಂದು ಬೇರೆಯವರಾದರೆ ಕೇಳಬೇಕು, ನೀನು ಅಲ್ಲೇ ಇದ್ದೆ. ಆಸ್ಪತ್ರೆಯ ವಾರ್ಡಿನಲ್ಲಿ ನನ್ನ ಮಗನ ಕೈಗೆ ಸೂಜಿ ಚುಚ್ಚಿದ ಮೇಲೆ ಆ ಬಾಟಲಿ ಇಳಿಯುವುದಕ್ಕೆ ಇಡೀ ಹಗಲು ಬೇಕಿತ್ತು. ನೀನು ಔಷಧಿಗೂ ವರದಿಗೂ ಮಹಡಿ ಹತ್ತಿ ಇಳಿಯುತ್ತಿದ್ದೆ. ನಾನು ಸುಮ್ಮನೆ ಕೂತು ಅವನ ಮುಖ ನೋಡುತ್ತಿದ್ದೆ. ಅದು ಅವನಿಗೆ ಸಹಿಸದೆ ಹೋಗಿ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದ. "ಅಮ್ಮಾ, ಇದೂ ಹೊಲಿಗೆ ಥರಾನೇ. ದಾರ ಎಲ್ಲಿ ಸಿಕ್ಕಾಯ್ತು ಅಂತ ಮೊದಲು ಹುಡುಕು, ಆಮೇಲೆ ಎಳಿ," ಅಂದ. ಅರವತ್ತು ದಾಟಿದವಳಿಗೆ ಇಲಿ ಹಿಡಿಯುವುದು ಕಲಿಸಿದೆ ಎಂದು ನರ್ಸಮ್ಮನ ಹತ್ತಿರ ಜಂಬ ಕೊಚ್ಚಿಕೊಂಡ. ಆಕೆ ನಿಜವಾದ ಇಲಿಯೆಂದು ಮಂಚದ ಕೆಳಗೆ ಬಗ್ಗಿ ನೋಡಿದ್ದು ನೆನಪಿದೆಯೇ?

ಆಟದಲ್ಲಿ ಅವನು ಗುಡ್ಡದಾಚೆಗೆ ಆ ಹಳಿ ಹಾಕಿದ್ದು ಆಗಲೇ. ಆಚೆ ಇದ್ದದ್ದು ನಾಲ್ಕು ಮನೆಯ ಊರು. "ಅಲ್ಲಿ ಹತ್ತೋರ್ಯಾರು, ಇಳಿಯೋರ್ಯಾರು? ಸುರಂಗಕ್ಕೆ ಸುರಿದ ದುಡ್ಡಲ್ಲಿ ಇನ್ನೆರಡು ಗಣಿ ಹಿಡೀಬಹುದಿತ್ತು," ಎಂದು ನಾನು ಗದರಿಸಿದೆ. "ಗೊತ್ತಮ್ಮಾ. ಕಿಟಕಿಯಿಂದ ನೋಡೋಕೆ ಚೆನ್ನಾಗಿರತ್ತೆ," ಅಂದ. ಎಂಜಿನ್ನಿನ ಕಿಟಕಿಯಿಂದ ನೋಡುವ ಗುಂಡಿ ಒತ್ತಿ ಕಂಪ್ಯೂಟರನ್ನು ಮಧ್ಯೆ ಇಟ್ಟ. ಮೂವರೂ ಒಂದೇ ಮಂಚದ ಮೇಲೆ ಒತ್ತಿ ಕೂತು ಆ ಗುಡ್ಡ ಹತ್ತಿದೆವು. ಸುರಂಗ ಬಂದಾಗ ನೀನು ಅವನ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದೆ, ಎಷ್ಟು ದಿನದ ದಣಿವೋ. ಎಬ್ಬಿಸಬೇಡ ಎಂದು ಅವನು ಕಣ್ಣಲ್ಲೇ ಹೇಳಿದ.

ಅವನು ಹೋದ ಮೇಲೂ ನಾವಿಬ್ಬರು ಕಲ್ಲಿದ್ದಲ ದುಡ್ಡಿನಿಂದ ಆ ಹಳಿಯನ್ನು ಸಾಕಿದೆವು. ಒಂದು ವರ್ಷವೂ ಅದು ಕಾಸು ತರಲಿಲ್ಲ. ಕೀಳುವ ಮಾತನ್ನು ನೀನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಈಗ ನಿನ್ನ ಪತ್ರದ ಕೊನೆಯ ಸಾಲಿಗೆ ಬರುತ್ತೇನೆ. ಲೆಕ್ಕ ನೋಡಿದ ಮಗು ತಾನೇ ಆ ಹಳಿಯನ್ನು ಕಂಡುಹಿಡಿದಳಂತೆ. "ಇದೊಂದು ದಂಡ ಆಂಟಿ, ಕಿತ್ತು ಹಾಕಲಾ?" ಎಂದಳಂತೆ. ಒಬ್ಬರನ್ನು ಕೇಳಿ ಹೇಳುತ್ತೇನೆ ಅಂದೆಯಂತೆ. ನಾನು ಬೇಡವೆಂದರೆ ಅವಳಿಗೆ ಹೊಸ ಆಟವನ್ನೇ ಶುರುಮಾಡಿಕೊಡುತ್ತೀಯಂತೆ.

ಪತ್ರ ಓದಿ ನನಗೆ ಸಿಟ್ಟು ಬಂತು. ತಡವಾದದ್ದಕ್ಕೆ ಇನ್ನರ್ಧ ಕಾರಣ ಇದೇ. ನನ್ನ ಕನ್ನಡಕದ ಕಡ್ಡಿ ಮುರಿದಾಗಲೆಲ್ಲ ಬೇಕೆಂದೇ ನಿನ್ನ ಕೈಲಿ ಆ ಅಂಗಡಿಗೆ ಕಳಿಸಿದವಳು ನಾನು. ಅಳುತ್ತಾ ಒಲ್ಲೆ ಎಂದವಳನ್ನು ಒಪ್ಪಿಸಿ ಮದುವೆ ಮಾಡಿದವಳೂ ನಾನೇ. ಹಾಗಿದ್ದೂ, ನನ್ನ ಮಗ ಹಾಕಿದ್ದನ್ನು ಕೀಳಲು ಆ ಮಗು ಯಾರು ಎಂದು ನಾಲ್ಕು ಸಾಲು ಗೀಚಿದೆ, ಹರಿದೆ. ಮತ್ತೆ ಗೀಚಿದೆ.

ಮೊನ್ನೆ ಒಬ್ಬ ಹುಡುಗಿ ಸಮವಸ್ತ್ರದ ಅಳತೆ ಕೊಡಲು ಬಂದಳು. ಕೈ ಎತ್ತಮ್ಮಾ ಅಂದರೆ ಎತ್ತಳು, ಮರದ ಹಾಗೆ ನಿಂತಿದ್ದಳು. ಕರೆತಂದ ಹೆಂಗಸು ಹೊಸ್ತಿಲಾಚೆಯೇ ಚಪ್ಪಲಿ ಬಿಡದೆ ನಿಂತಿದ್ದಳು. ಒಳಗೆ ಬನ್ನಿ ಅಂದೆ. "ನಾನು ಬಂದ್ರೆ ಅವಳಿಗೆ ಸರಿಹೋಗಲ್ಲ, ಇಲ್ಲೇ ಇರ್ತೀನಿ," ಅಂದಳು. ಅವಳು ಮಲತಾಯಿಯೋ, ಚಿಕ್ಕಮ್ಮನೋ, ನಾನು ಕೇಳಲಿಲ್ಲ. ಆ ಮುಖ ನೋಡುತ್ತಾ ಹುಡುಗಿಯ ಅಳತೆಯನ್ನು ಎರಡು ಸಲ ತೆಗೆದೆ. ನೀನೂ ಅಲ್ಲಿ ಹೀಗೇ ಯಾವುದೋ ಬಾಗಿಲ ಹೊರಗೆ ನಿಂತಿರುತ್ತೀಯಲ್ಲಾ ಅನ್ನಿಸಿತು.

ಕೀಳಲಿ. ಅವಳ ಲೆಕ್ಕ ಸರಿಯಾಗಿದೆ. ಹೊಸ ಆಟ ಬೇಡ, ಇದರಲ್ಲೇ ಆಡಲಿ. ಮೊದಲು ಆ ರೈಲನ್ನು ಶೆಡ್ಡಿಗೆ ಕಳಿಸಿ ಮಾರಬೇಕು, ರೈಲು ಮೇಲೆ ನಿಂತಿದ್ದರೆ ಹಳಿ ಕೀಳಲು ಬರುವುದಿಲ್ಲ. ಆಚೆಯ ಊರಿನ ಕಡೆಯಿಂದ ಶುರುಮಾಡಿ ಈಚೆಗೆ ಬರಲಿ. ಸುರಂಗ ಕೊನೆಗೆ. ನೀನು ಎದ್ದು ಒಳಗೆ ಹೋಗಬೇಡ, ಪಕ್ಕದಲ್ಲೇ ಕೂತಿರು. ಅಳು ಬಂದರೆ ಅಳು. ಯಾಕೆಂದು ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳು. ತಾಯಿಯನ್ನು ಕಳೆದುಕೊಂಡ ಮಗು ಅದು, ನಮಗಿಂತ ಬೇಗ ಅರ್ಥಮಾಡಿಕೊಳ್ಳುತ್ತದೆ.

ನಿನ್ನವರಿಗೆ ನನ್ನ ನಮಸ್ಕಾರ ತಿಳಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ ನಿನ್ನ,
ಅತ್ತೆ

ಮರೆತಿದ್ದೆ: ಈ ಲಕೋಟೆಯ ಮೂಲೆಯಲ್ಲಿ ಬೆರಳುದ್ದದ ಒಂದು ಪೆನ್‌ಡ್ರೈವ್ ಇದೆ, ಕಾಗದ ಬಿಡಿಸುವಾಗ ಬೀಳಿಸೀಯೆ. ನೀನು ಕಂಪ್ಯೂಟರು ಒಯ್ಯುವ ಮುನ್ನ, ನಿನಗೆ ಹೇಳದೆ, ಜೆರಾಕ್ಸ್ ಅಂಗಡಿಯಾಕೆಯ ಕೈಲಿ ಅವನ ಆಟದ ಒಂದು ಪ್ರತಿ ಮಾಡಿಸಿಕೊಂಡಿದ್ದೆ. ಗಿರಾಕಿಗಳಿಲ್ಲದ ಮಧ್ಯಾಹ್ನ ಆಕೆ ತನ್ನ ಕಂಪ್ಯೂಟರಿನ ಮುಂದೆ ನನ್ನನ್ನು ಕೂರಿಸುತ್ತಿದ್ದಳು. ಆಡುತ್ತಿರಲಿಲ್ಲ. ಕಿಟಕಿಯ ಗುಂಡಿ ಒತ್ತಿ ಗುಡ್ಡ ಹತ್ತಿ ಇಳಿದು ಮನೆಗೆ ಬರುತ್ತಿದ್ದೆ. ಇದು ನನ್ನ ಹತ್ತಿರ ಇದ್ದರೆ, ಕೀಳಲಿ ಎಂದು ನಾನು ಹೇಳಿದ ಮಾತು ಮಾತೇ ಅಲ್ಲ. ಅದಕ್ಕೇ ಕಳಿಸಿದ್ದೇನೆ. ಇಟ್ಟುಕೊಳ್ಳುವುದೋ ಅಳಿಸುವುದೋ ನಿನಗೆ ಬಿಟ್ಟದ್ದು. ಏನು ಮಾಡಿದೆ ಎಂದು ಮಾತ್ರ ನನಗೆ ಬರೆಯಬೇಡ.