ಮೂವತ್ತರೊಳಗೆ ಬಾ

ಸಾಗರ
೧೧ ಜೂನ್ ೧೯೮೪

ಪ್ರೀತಿಯ ಚಂದ್ರಮತಿಗೆ,

ಮೊದಲು ನನ್ನನ್ನು ಚೆನ್ನಾಗಿ ಬೈದುಬಿಡು, ಆಮೇಲೆ ಓದು. ಯುಗಾದಿಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಕೊಡುತ್ತಿದ್ದೇನೆ. ಪುರುಸೊತ್ತಿರಲಿಲ್ಲ ಎಂದರೆ ನೀನು ನಂಬುವವಳಲ್ಲ. ಮೂರು ಇನ್‌ಲ್ಯಾಂಡ್ ಕಾಗದ ಬರೆದು ಹರಿದು ಹಾಕಿದೆ. ಮನೆಯಲ್ಲಿ ಎಲ್ಲರೂ ಆರಾಮವೇ? ನಾನು ಇದ್ದೇನೆ, ಮೊದಲಿಗಿಂತ ಸ್ವಲ್ಪ ಸಿಡುಕಿಯಾಗಿ.

ಸೀದಾ ವಿಷಯಕ್ಕೆ ಬರುತ್ತೇನೆ. ನಿನ್ನ ರಜೆ ಈ ಮೂವತ್ತಕ್ಕೆ ಮುಗಿಯುತ್ತದೆ. ನಿನ್ನೆ ಆಸ್ಪತ್ರೆಯಲ್ಲಿ ಮೇಟ್ರನ್ ವರದಮ್ಮನವರು ಕರೆದು, "ನಿನ್ ಗೆಳತಿ ಬರ್ತಾಳೋ ಇಲ್ವೋ? ಒಂದನೇ ತಾರೀಕು ಡ್ಯೂಟಿಗೆ ಬರ್ದಿದ್ರೆ ಕೆಲಸ ಹೋಯ್ತು ಅಂತ ಬರಿ" ಎಂದರು. ನೀನು ನೋಡಿದರೆ ರಾಜೀನಾಮೆ ಬರೆದಿಟ್ಟಿದ್ದೇನೆ, ಪೋಸ್ಟ್ ಮಾಡುವುದೊಂದೇ ಬಾಕಿ ಎನ್ನುತ್ತೀಯ. ಬೇಡ ಮಾರಾಯ್ತಿ. ತೀರ್ಥಹಳ್ಳಿಯ ಬಟ್ಟೆ ಅಂಗಡಿಯಲ್ಲಿ ರವಿಕೆ ಬಟ್ಟೆ ಅಳೆದು ಕೊಡಲು ನಿನ್ನ ಅಣ್ಣ ಶಾಂತಿರಾಜ ಒಬ್ಬರೇ ಸಾಕು. ನೀನು ನರ್ಸು.

ಇಲ್ಲಿಗೆ ವಿಜಯಲಕ್ಷ್ಮೀ ಎಂಬ ಹೊಸ ಹುಡುಗಿ ಬಂದಿದ್ದಾಳೆ. ಸೂಜಿ ಹಾಕು ಎಂದರೆ ಹಿಂದೆ ಸರಿಯುತ್ತಾಳೆ. ಮೊನ್ನೆ ವಾರ್ಡಿನ ಮಧ್ಯೆ ಕಣ್ಣೀರು ಹಾಕುತ್ತಾ ನಿಂತಿದ್ದಳು. ರೋಗಿಯ ತೋಳು ಹಿಡಿದು, "ನಾ ಹಿಡ್ಕಂಡಿದೀನಿ, ನೀ ಹಾಕು, ಏನಾಗಲ್ಲ" ಎಂದೆ. ಒಂದೇ ಸಲಕ್ಕೆ ನರ ಸಿಕ್ಕಿತು. "ಅಕ್ಕಾ, ನೀವು ಪಕ್ಕದಲ್ಲಿದ್ರೆ ನಂಗೆ ಧೈರ್ಯ" ಎಂದಳು. ನಾ ಹೇಳಿದ್ದು ನೀನು ನನಗೆ ಕಲಿಸಿದ ಮಾತು, ಅವಳಿಗೇನು ಗೊತ್ತು? ಆ ದಿನ ನನಗೆ ಊಟ ಸೇರಲಿಲ್ಲ.

ಕಳೆದ ಬೇಸಿಗೆಯೇ ಕಣ್ಣ ಮುಂದೆ ಬರುತ್ತದೆ. ಮಂಗನ ಕಾಯಿಲೆ ಹಬ್ಬಿತೆಂದು ಹೊಸನಗರದ ಕಡೆಯ ಆ ಹಳ್ಳಿಯ ಛತ್ರವನ್ನು ಜ್ವರದ ವಾರ್ಡು ಮಾಡಿ ನಮ್ಮಿಬ್ಬರನ್ನು ಕಳಿಸಿದ್ದರಲ್ಲ. ಕಾಡಿನಲ್ಲಿ ಮಂಗ ಸತ್ತು ಬಿದ್ದಿದೆ ಎಂಬ ಸುದ್ದಿ ಬಂದರೆ ವಾರದೊಳಗೆ ಹಾಸಿಗೆ ತುಂಬುತ್ತಿದ್ದವು. ಮಂಗದ ಮೈಯಿಂದ ಉದುರಿದ ಉಣುಗು ಕಚ್ಚಿದರೆ ಬರುವ ಜ್ವರ, ರೋಗಿಯನ್ನು ಮುಟ್ಟಿದರೆ ಅಂಟುವುದಿಲ್ಲ ಎಂದು ಡಾಕ್ಟರ್ ಉಮಾಮಹೇಶ್ವರ ನೂರು ಸಲ ಹೇಳಿದರೂ ನನ್ನ ಪುಕ್ಕಲುತನ ಹೋಗಲಿಲ್ಲ. ದಿನಾ ಸಂಜೆ ನೀನು ನನ್ನ ಸೀರೆಯ ಅಂಚು, ಕತ್ತು, ಕಿವಿಯ ಹಿಂದೆ ಎಲ್ಲಾ ಹುಡುಕಿ, "ಒಂದೂ ಉಣುಗಿಲ್ಲ. ಇವತ್ತಂತೂ ನೀ ಸಾಯಲ್ಲ, ಬಾ ಊಟಕ್ಕೆ" ಎನ್ನುತ್ತಿದ್ದೆ. ಈಗಲೂ ಡ್ಯೂಟಿ ಮುಗಿಸಿ ಬಂದರೆ ಕತ್ತು ಬಗ್ಗಿಸಿ ಒಂದು ಗಳಿಗೆ ನಿಂತುಬಿಡುತ್ತೇನೆ. ನಗಬೇಡ. ನಿನ್ನ ಮಂಚದ ಮೇಲೆ ಯಾರನ್ನೂ ಮಲಗಲು ಬಿಟ್ಟಿಲ್ಲ, ನನ್ನ ಬಟ್ಟೆ ಒಟ್ಟಿಟ್ಟಿದ್ದೇನೆ. ನೀನಿಲ್ಲದೆ ಈ ಕೋಣೆ ಬೇಜಾರು ಕಣೇ.

ನಿನ್ನ ಕಾಗದದ ತುಂಬಾ ಮತ್ತೆ ಆ ವಾರ್ಡಿನ ಗಂಗಾಳ ಮಾತೇ. ಒಣ ಎಲೆಯ ದರಗು ಗುಡಿಸಿ ತರಲು ಕಾಡಿಗೆ ಹೋಗಿ ಜ್ವರ ತಂದುಕೊಂಡ ಹತ್ತೊಂಬತ್ತರ ಹುಡುಗಿ. ಆ ಮಧ್ಯಾಹ್ನ ಅವಳ ಮೂಗು ಬಾಯಿಂದ ರಕ್ತ ಬಂತು, ನಾಡಿ ಇಳಿಯಿತು. ಡ್ರಿಪ್ ಹಾಕಲು ನೀನು ನರ ಹುಡುಕುತ್ತಾ, "ಶರಾವತಿ, ಓಡು, ಡಾಕ್ಟರನ್ನ ಕರ್ಕಂಬಾ" ಎಂದು ಕೂಗಿದೆ. ನಾನು ಹೊರಗೆ ಓಡಿದೆ. ಅರ್ಧ ಗಂಟೆ ಬಿಟ್ಟು ಬಂದು, ಎಷ್ಟು ಬಡಿದರೂ ಡಾಕ್ಟರು ಮನೆಯ ಬಾಗಿಲು ತೆಗೆಯಲಿಲ್ಲ ಎಂದೆ. ಅಷ್ಟರಲ್ಲಿ ಎಲ್ಲಾ ಮುಗಿದಿತ್ತು. ಅವಳ ತಾಯಿ ಕೆರಿಯಮ್ಮ, "ಈ ಅಮ್ಮಂಗೆ ಸೂಜಿ ಹಾಕಕ್ಕೇ ಬರಲ್ಲ, ನನ್ ಮಗ್ಳನ್ನ ಕೊಂದ್ಲು" ಎಂದು ಎದೆ ಬಡಿದುಕೊಂಡಳು. ನೀನು ಆ ಮಾತನ್ನೇ ನಂಬಿಕೊಂಡು ಕೂತೆ. ನಾಲ್ಕು ಸಲ ಚುಚ್ಚಿದೆ, ನನ್ನ ಕೈಯಿಂದಲೇ ಅವಳು ಹೋದಳು ಎಂದು ಬರೆದಿದ್ದೀಯ. ಖಂಡಿತ ಅಲ್ಲ. ಅಷ್ಟು ರಕ್ತ ಹೋದವರ ನರ ಯಾರ ಕೈಗೂ ಸುಲಭಕ್ಕೆ ಸಿಗುವುದಿಲ್ಲ. ತೋಳು ಹಿಡಿಯುವವರಿಲ್ಲದೆ ಒಬ್ಬಳೇ ಹೆಣಗಿದೆ. ನಿನಗಿಂತ ಒಳ್ಳೆಯ ಕೈ ನಾನು ಈ ಹತ್ತು ವರ್ಷದಲ್ಲಿ ನೋಡಿಲ್ಲ.

ನಿಮ್ಮ ಅಮ್ಮನವರಿಗೆ ನನ್ನ ನಮಸ್ಕಾರ, ಅಣ್ಣನ ಮಕ್ಕಳಿಗೆ ಆಶೀರ್ವಾದ. ನಿನಗೆ ಮೊದಲಿನ ಧೈರ್ಯ ತಿರುಗಿ ಬರಲಿ ಎಂದು ದಿನಾ ಬೇಡಿಕೊಳ್ಳುತ್ತೇನೆ.

ನಿನ್ನ
ಶರಾವತಿ

ವಿ.ಸೂ.: ಮೇಲಿನದು ನಿನ್ನೆ ಬರೆದದ್ದು. ಮೂರು ಕಾಗದ ಹರಿದದ್ದು ಈ ಮಾತು ಬರೆಯಲಾರದೆ. ಆ ಮಧ್ಯಾಹ್ನ ನಾನು ಡಾಕ್ಟರ ಮನೆಗೆ ಹೋಗಲೇ ಇಲ್ಲ. ಗಂಗಾಳ ರಕ್ತ ನನ್ನ ಕೈ ಮೇಲೆ ಬಿದ್ದಿತ್ತು. ಛತ್ರದ ಹಿಂದಿನ ಬಚ್ಚಲಿಗೆ ಹೊಕ್ಕು ಚಿಲಕ ಹಾಕಿಕೊಂಡು, ಚರ್ಮ ಉರಿಯುವವರೆಗೆ ಸೋಪು ಹಚ್ಚಿ ತೊಳೆಯುತ್ತಾ ಕೂತಿದ್ದೆ. ನೀನು ನನ್ನ ಹೆಸರು ಹಿಡಿದು ಕೂಗಿದ್ದು ಎರಡು ಸಲ ಕೇಳಿಸಿತು, ಆದರೂ ಹೊರಗೆ ಬರಲಿಲ್ಲ. ಡಾಕ್ಟರು ಮನೆಯಲ್ಲೇ ಇದ್ದರು. ಬಾಗಿಲು ಬಡಿದೆ ಎಂಬ ನನ್ನ ಸುಳ್ಳು ಕೇಳಿ ಪಾಪ ಆ ಮನುಷ್ಯ, "ನಿದ್ದೆ ಹತ್ತಿತ್ತೇನೋ ಸಿಸ್ಟರ್, ನಂದೇ ತಪ್ಪು" ಎಂದರು. ಅದಕ್ಕೂ ಸುಮ್ಮನಿದ್ದೆ. ನೀನು ಊರಿಗೆ ಹೊರಡಲು ಪೆಟ್ಟಿಗೆ ಕಟ್ಟುವಾಗಲೂ ಸುಮ್ಮನಿದ್ದೆ. ಡಾಕ್ಟರು ಬಂದಿದ್ದರೆ ಗಂಗಾ ಉಳಿಯುತ್ತಿದ್ದಳೋ ಇಲ್ಲವೋ, ನನಗೆ ಗೊತ್ತಿಲ್ಲ. ನಾನು ಕರೆಯಲಿಲ್ಲ ಎಂಬುದು ಗೊತ್ತು. ಇವತ್ತು ಬೆಳಿಗ್ಗೆ ವರದಮ್ಮನವರಿಗೆ ಎಲ್ಲಾ ಹೇಳಿದೆ. ಅವರು, "ಮೊದ್ಲು ಅವಳಿಗೆ ಬರಿ" ಎಂದರು. ಡಾಕ್ಟರಿಗೂ ಬರೆದಿದ್ದೇನೆ. ನಾನು ಜೋಗದ ಕಡೆಗೆ ವರ್ಗ ಕೇಳಿದ್ದೇನೆ, ಅದು ಆಗುವವರೆಗೆ ರಜೆ ಹಾಕುತ್ತೇನೆ. ಒಂದನೇ ತಾರೀಕಿಗೆ ನಾನು ಇಲ್ಲಿರುವುದಿಲ್ಲ, ನನ್ನ ಮುಖ ನೋಡಬೇಕಾದೀತೆಂದು ಹಿಂಜರಿಯಬೇಡ. ಬಂದು ಕೆಲಸಕ್ಕೆ ಸೇರಿಕೋ.