ಕರಾಚಿಯಿಂದ ಬಂದ ಮೋಡ

ಹಿರೇಕೊಟ್ನೆಕಲ್
೩೦ ಜೂನ್ ೧೯೪೫

ಕರಾಚಿ ಬಂದರಿನಲ್ಲಿ ಚೀಲ ಹೊರುವ ದುರುಗಪ್ಪ ಭಾವನಿಗೆ ಮೈದುನ ಜಂಬಣ್ಣನ ಶರಣು.

ಭಾವಾ, ನೀನು ಕಳಿಸಿದ ಮೋಡ ಇನ್ನೂ ಬಂದು ಮುಟ್ಟಿಲ್ಲ. ಟಪಾಲಿನವನನ್ನೇ ಕೇಳಿದೆ. "ಟಿಕೀಟು ಹಚ್ಚಿರಾಕಿಲ್ಲ ನೋಡು" ಅಂದ.

ಮೇ ತಿಂಗಳ ನಿನ್ನ ಕಾಗದ ನನಗೆ ಬಾಯಿಪಾಠವಾಗಿದೆ. ಎಂಟು ದಿನದಿಂದ ಸೂರ್ಯನ ಮುಖ ಕಂಡಿಲ್ಲ, ಆಕಾಶದ ತುಂಬ ಮೋಡ, ಈ ಸಲ ಮಳೆ ಬೇಗ ಬರುತ್ತದೆ, ಹೊಳೆ ಏರುವ ಮುಂಚೆ ಗೂಗಲ್ಲು ಊರಿನ ಹೊಳೆದಂಡೆ ಬಿಟ್ಟು ಕುರಿ ಹೊಡೆದುಕೊಂಡು ಊರಿಗೆ ಹೋಗು ಎಂದು ನೀನು ಬರೆದಿದ್ದೆ. ನಾನು ಶಾಲೆಯಲ್ಲಿ ನಾಲ್ಕು ಜಮಾತು ಓದಿದವನು, ಲೆಕ್ಕ ಹಾಕಿದೆ. ಮೋಡ ಕುಂಟುವುದಿಲ್ಲ, ದಾರಿಯಲ್ಲಿ ಮೇಯಲು ನಿಲ್ಲುವುದಿಲ್ಲ. ಕರಾಚಿಯಿಂದ ಇಲ್ಲಿಗೆ ಹತ್ತು ದಿನ ಸಾಕು!

ಹಟ್ಟಿ ಕಿತ್ತೆ. ಹೊಳೆದಂಡೆಯ ಕಟ್ಟಳೆ ನಿನಗೂ ಗೊತ್ತು. ಒಲೆಯ ಬೂದಿ ಮೂರು ದಿನ ತಣ್ಣಗಿದ್ದರೆ ಆ ಜಾಗ ಮುಂದೆ ಬೆಂಕಿ ಹಚ್ಚಿದವನದು. ಅಪ್ಪನ ಕಾಲದಿಂದ ನಮ್ಮ ಒಲೆ ಬೇಸಿಗೆಯಲ್ಲಿ ಒಮ್ಮೆಯೂ ಆರಿರಲಿಲ್ಲ. ನಾನೇ ನೀರು ಸುರಿದೆ.

ಊರಲ್ಲಿ ಮಳೆಯೂ ಇಲ್ಲ, ಹುಲ್ಲೂ ಇಲ್ಲ. ತಾಯಿಗಳ ಹಾಲು ಬತ್ತಿ ಹನ್ನೊಂದು ಮರಿ ಸತ್ತವು. ಉಳಿದದ್ದನ್ನು ಹೊಡೆದುಕೊಂಡು ಮತ್ತೆ ಹೊಳೆಗೆ ಹೋದರೆ ನಮ್ಮ ಒಲೆಯಲ್ಲಿ ಹೊಗೆ. ಮುಂದೆ ಕೂತವನು ನಿನ್ನ ತಮ್ಮ ಕನಕಪ್ಪ.

"ಜಾಗ ಖಾಲಿ ಆಗೋದು ನಿನಗ ಹೆಂಗ ಗೊತ್ತಾತಲೇ?" ಅಂದೆ.

"ಅಣ್ಣ ಬರದಿದ್ನಲ್ಲ, ಜಂಬಣ್ಣ ಎದ್ದು ಹೋಗ್ತಾನ, ಮೂರು ದಿನ ಎಣಿಸಿ ಒಲಿ ಹಚ್ಚು ಅಂತ" ಅಂದವನು ನಾಲಿಗೆ ಕಚ್ಚಿಕೊಂಡ.

ನಾನು ನಕ್ಕೆ. ನನಗೆ ಬರುವ ಕೆಲಸ ಅದೊಂದೇ. ಆದರೂ ಕುರಿ ತಿರುಗಿಸಿಕೊಂಡು ಊರಿಗೆ ಬಂದು ಎಂಟು ದಿನ ನನ್ನೊಳಗೆ ನಾನೇ ನಿನ್ನ ವಕೀಲನಾಗಿದ್ದೆ. ಪಾಪ, ಮೋಡ ನೋಡಿ ಹೆದರಿದ, ಬರೆದ. ಜಾಗ ಪರರ ಪಾಲಾಗದಿರಲಿ ಎಂದು ತಮ್ಮನಿಗೂ ತಿಳಿಸಿದ, ಅಷ್ಟೇ ಎಂದುಕೊಂಡೆ.

ಆಮೇಲೆ ನಿನ್ನ ಜೊತೆ ಚೀಲ ಹೊರುವ ಕುರ್ಡಿಯ ಅಯ್ಯಪ್ಪ ರಜೆಗೆ ಬಂದ. ಮೋಡದ ಮಾತು ತೆಗೆದರೆ ಹೊಟ್ಟೆ ಹಿಡಿದು ನಕ್ಕ.

"ಅದೇನು ಮಳಿ ಮೋಡೇನೋ ಯಪ್ಪಾ! ವರ್ಷಾ ವರ್ಷಾ ಬ್ಯಾಸಿಗಿ ಕೊನಿಗೆ ಹಂಗ ಕುಂತಿರ್ತದ. ಸಮುದ್ರದ ನೀರು ಥಂಡಿ. ಅದರ ಮ್ಯಾಲೆ ಬರೋ ಹಸಿಗಾಳಿ ತಣ್ಣಗಾಗಿ ಮೋಡಾಗ್ತದ, ತಂಬಿಗಿ ಮೈಮ್ಯಾಲೆ ಹನಿ ಕುಂತಂಗ. ಮ್ಯಾಲೆ ಮರಳುಗಾಡಿನ ಬಿಸಿಗಾಳಿ ಮುಚ್ಚಳ ಹಾಕಿರ್ತದ. ಮೋಡ ಮ್ಯಾಲೇಳಂಗಿಲ್ಲ, ಮಳಿ ಸುರಿಯಂಗಿಲ್ಲ. ಬಿದ್ರ ಗಡ್ಡ ಒದ್ದಿಯಾಗುವಷ್ಟು."

ಇಷ್ಟು ಶಾಸ್ತ್ರ ಯಾರು ಕಲಿಸಿದರೋ ಅಂದೆ.

"ನಿಮ್ಮ ಭಾವನ ಕಲಿಸಿದ್ದು. ಹೋದ ವರ್ಷ ನಾನು ಮಳಿ ಬರ್ತದಂತ ತಲಿಗೆ ಗೋಣಿಚೀಲದ ಕೊಪ್ಪಿ ಹಾಕ್ಕೊಂಡು ಹೋದ್ರ, ಬಂದರಿನ ತುಂಬ ನಗ್ಯಾಡಿ ತಿಳಿಸಿ ಹೇಳಿದ."

ಅಲ್ಲಿಗೆ ನನ್ನ ವಕೀಲಿ ಮುಗಿಯಿತು.

ಭಾವಾ, ಆ ಒಲೆ ಬೇಕೆಂದು ಕೇಳಿದ್ದರೆ ಕೆಂಡದ ಸಮೇತ ಕೊಡುತ್ತಿದ್ದೆ. ನೀನು ಕೇಳಲಿಲ್ಲ. ಮಳೆ ಮೊನ್ನೆ ಬಂತು, ಯಾರ ಕಾಗದಕ್ಕೂ ಕಾಯದೆ ತಾನೇ ಬಂತು. ಉಳಿದ ಮರಿಗಳಲ್ಲಿ ಒಂದಕ್ಕೆ ನಿನ್ನ ಹೆಸರಿಟ್ಟಿದ್ದೇನೆ. ಯಾವ ತಾಯಿಯಾದರೇನು, ತಲೆ ತೂರಿಸಿ ಹಾಲು ಕದಿಯುತ್ತದೆ.

ಇನ್ನೂ ಬರೆಯುವುದಿತ್ತು. ಒಳಗಿನಿಂದ ಅಕ್ಕ, "ಜಂಬ್ಯಾ, ರೊಟ್ಟಿ ಆರಾಕತ್ತ್ಯಾವ, ಏಳೋ!" ಎಂದು ಕೂಗುತ್ತಿದ್ದಾಳೆ.

ನಿನ್ನ ಮೈದುನ,
ಜಂಬಣ್ಣ

ಬಿಟ್ಟುಹೋದ ಮಾತು: ಅಕ್ಕನಿಗೆ, ಅಂದರೆ ನಿನ್ನ ಹೆಂಡತಿಗೆ, ಇದೊಂದೂ ಗೊತ್ತಿಲ್ಲ. ನಾನೇ ಬುದ್ಧಿಗೆಟ್ಟು ಹಟ್ಟಿ ಕಿತ್ತೆ ಎಂದಿದ್ದೇನೆ, ದಿನವೂ ಬೈಸಿಕೊಳ್ಳುತ್ತೇನೆ. ಈಗಲೂ, "ಅಲ್ಲಿ ಬಿಸಿಲ ಇಲ್ಲಂತ, ಅವ್ರಿಗೆ ಥಂಡಿ ಹತ್ತೀತು, ಜ್ವಾಕಿ ಇರ್ರಿ ಅಂತ ಬರಿ" ಎನ್ನುತ್ತಿದ್ದಾಳೆ. ಸತ್ತ ಹನ್ನೊಂದು ಮರಿಗಳ ಮೆತ್ತನೆಯ ಉಣ್ಣೆ ಕತ್ತರಿಸಿಟ್ಟು, ನಿನಗೊಂದು ಕಂಬಳಿಗೆಂದು ನೂಲುತ್ತಿದ್ದಾಳೆ. ಬಂದಾಗ ಅವಳ ಮುಂದೆಯೇ ಹೊದ್ದುಕೋ. ನಾನು ನಗುತ್ತೇನೆ.