ಒರೆಸುವ ಬಟ್ಟೆ ಹಿಡಿದು ಪಾಸಾದದ್ದು

ಪ್ರೀತಿಯ ಅಕ್ಕನಿಗೆ,

ಆಧುನಿಕ ನೃತ್ಯದ ಪರೀಕ್ಷೆಯಲ್ಲಿ ನಿನ್ನ ತಮ್ಮ ಪಾಸಾಗಿದ್ದಾನೆ, ಬೀದಿಗೆಲ್ಲ ಸಾರು. ಫೇಲಾಗಿದ್ದರೆ ಗಂಟುಮೂಟೆ ಕಟ್ಟಿಸಿ ಮನೆಗೆ ಕಳಿಸುತ್ತಿದ್ದರು. ನನ್ನ ಸರದಿ ಬಂದಾಗ ನೆಲದ ಮೇಲೆ ಯಾರದೋ ಬಾಟಲಿಯ ನೀರು ಚೆಲ್ಲಿತ್ತು. ಜಾರಿ ಬಿದ್ದೇನೆಂದು ಮೂಲೆಯಲ್ಲಿದ್ದ ಬಟ್ಟೆ ತಂದು, ನೀನು ಮನೆಯಲ್ಲಿ ಒರೆಸುವಂತೆಯೇ ಕುಕ್ಕರಗಾಲಿನಲ್ಲಿ ಹಿಂದಹಿಂದಕ್ಕೆ ಸರಿಯುತ್ತ ಒರೆಸಿದೆ. ಎದ್ದು, ಮೂರು ತಿಂಗಳು ಬೆವರು ಸುರಿಸಿ ಕಲಿತ ನೃತ್ಯ ಶುರುಮಾಡುವಷ್ಟರಲ್ಲಿ ಗುರುಗಳು ಕಣ್ಣೊರೆಸಿಕೊಳ್ಳುತ್ತ, "ಸಾಕಪ್ಪಾ! ಇನ್ನೇನೋ ಮಾಡೋಕೆ ಹೋಗಿ ಇದನ್ನ ಕೆಡಿಸ್ಬೇಡ" ಎಂದರು. ಪಕ್ಕದ ಪರೀಕ್ಷಕರು "ಅಬ್ಬಾ, ಎಂಥಾ ಏಕಾಂತ!" ಎಂದು ನಿಟ್ಟುಸಿರಿಟ್ಟರು. ನಾನು ಒದ್ದೆ ಬಟ್ಟೆ ಹಿಡಿದೇ ನಮಸ್ಕರಿಸಿದೆ.

ಮಂಡಿ ಊದಿದೆ, ಉಳಿದಂತೆ ಕ್ಷೇಮ. ಮುಂದಿನ ತಿಂಗಳು ಅದನ್ನೇ ರಂಗದ ಮೇಲೆ ಮಾಡಬೇಕಂತೆ, ನನಗೋ ಒಂದು ಹೆಜ್ಜೆಯೂ ನೆನಪಿಲ್ಲ. ನೆಲ ಒರೆಸುವಾಗ ನೀನು ಮೊದಲು ಹಿಂದಿಡುವುದು ಎಡಗಾಲೋ ಬಲಗಾಲೋ, ಕೂಡಲೇ ಬರೆ.

ಅವಸರದಲ್ಲಿ,
ನಿನ್ನ ಕಲಾವಿದ ತಮ್ಮ